ಜಿಪ್ಸಂ ಪರ್ವತದ ತಳದಲ್ಲಿ ಬಾಯ್ದೆರೆದ ನೆಲ

2016ನೆಯ ಇಸವಿಯ ಆಗಸ್ಟ್ ತಿಂಗಳ 27ನೆಯ ದಿನ, ಅಮೆರಿಕದ ಫ್ಲಾರಿಡಾ ರಾಜ್ಯದ ಪೋಲ್ಕ್ ಕೌಂಟಿಯಲ್ಲಿ, ಮಲ್ಬೆರಿ ಎಂಬ ಸಣ್ಣ ಪಟ್ಟಣಕ್ಕೆ ಅನತಿದೂರದಲ್ಲಿರುವ, ಮೊಸಾಯಿಕ್ ಕಂಪನಿಯ ನ್ಯೂ ವೇಲ್ಸ್ ರಸಗೊಬ್ಬರದ ಕಾರ್ಖಾನೆಯಲ್ಲಿ, ತ್ಯಾಜ್ಯ ಜಿಪ್ಸಮ್ಮಿನ ಬೃಹತ್ ದಿಬ್ಬವೊಂದರ ನೆತ್ತಿಯ ಮೇಲೆ ಕಟ್ಟಿ ನಿಲ್ಲಿಸಿದ್ದ ಕೊಳದ ನೀರು ಇಳಿಯುತ್ತಿರುವುದು ನೌಕರರ ಗಮನಕ್ಕೆ ಬಂದಿತು. ಅಲ್ಲಿಗೆ ಅದು ಮಳೆಗಾಲ. ಏರಬೇಕಾದ ಕಾಲದಲ್ಲಿ ನೀರು ಇಳಿಯತೊಡಗಿದ್ದಿತು. ಕೊಳವು ಬರಿದಾದ ಮೇಲೆ ಅದರ ತಳದಲ್ಲಿ ಸುಮಾರು 45 ಅಡಿ ವ್ಯಾಸದ ಒಂದು ಬಾಯಿ ಕಾಣಿಸಿಕೊಂಡಿತು. ಅದರ ಆಳ 300 ಅಡಿಗೆ ಕಡಿಮೆಯಿರಲಾರದೆಂದು ತಜ್ಞರು ಅಂದಾಜು ಮಾಡಿದರು. 21.5 ಕೋಟಿ ಗ್ಯಾಲನ್, ಎಂದರೆ ನಮ್ಮ ಲೆಕ್ಕದಲ್ಲಿ 81 ಕೋಟಿ ಲೀಟರಿಗೂ ಮೇಲ್ಪಟ್ಟ ಆಮ್ಲಯುಕ್ತವಾದ ಕಲುಷಿತ ಜಲವು ಆ ಬಾಯಿಯ ಮೂಲಕ ದಿಬ್ಬವನ್ನು ಭೇದಿಸಿ, ದಿಬ್ಬದ ತಳದ ಹೊದಿಕೆಯನ್ನು ಭೇದಿಸಿ, ಅದರ ಕೆಳಗಿನ ಜೇಡಿಯನ್ನೂ ಭೇದಿಸಿ, ಸುಮಾರು ಒಂದು ಕೋಟಿ ಜನರಿಗೆ ಕುಡಿಯುವ ನೀರನ್ನೊದಗಿಸುವ ಫ್ಲಾರಿಡನ್ ಎಂಬ ಭೂಗರ್ಭ ಜಲಾಶಯವನ್ನು ಸೇರಿಹೋಯಿತು.

ಇಂತಹ ಕುಳಿಗಳನ್ನು ಸಿಂಕ್‌ಹೋಲ್ ಎಂದು ಕರೆಯುವರು. ವೃತ್ತಪತ್ರಿಕೆಗಳಲ್ಲಿ ಅವುಗಳ ಚಿತ್ರವನ್ನು ಕಂಡವರಿಗೆ ಅವು ಆಕಸ್ಮಿಕವೆಂದೂ ದೈವಿಕವೆಂದೂ ತೋರುವುದುಂಟು. ಆದರೆ ಇದನ್ನು ಬರೆಯುತ್ತಿರುವವನ ನಿಶ್ಚಿತವಾದ ಅಭಿಪ್ರಾಯ ಬೇರೆ. ಕೈಗಾರಿಕೆಯ ತ್ಯಾಜ್ಯರಾಶಿಯ ಅಡಿಯಲ್ಲಿ ನೆಲ ಬಾಯ್ದೆರೆಯುವುದು ದೀರ್ಘಕಾಲ ಸಿದ್ಧವಾಗುತ್ತಿದ್ದು ಒಂದು ದಿನ ಪ್ರಕಟವಾಗುವ ಕಾರ್ಯವೇ ಹೊರತು, ಹಠಾತ್ತನೆ ಹುಟ್ಟಿದ ವಿಪತ್ತಲ್ಲ. ಆ ಸಿದ್ಧತೆಯ ಕುರುಹುಗಳನ್ನು ಓದುವ ವಿದ್ಯೆ ಮನುಷ್ಯನಿಗೆ ಉಂಟು. ಆ ವಿದ್ಯೆಯನ್ನು ದಿಬ್ಬ ಎದ್ದ ಮೇಲೆ ಉಪಯೋಗಿಸುವುದಕ್ಕೂ ದಿಬ್ಬ ಏಳುವುದಕ್ಕೆ ಮುನ್ನ ಉಪಯೋಗಿಸುವುದಕ್ಕೂ ಇರುವ ಅಂತರವು ಎಷ್ಟು ದೊಡ್ಡದೆಂಬುದಕ್ಕೆ ನ್ಯೂ ವೇಲ್ಸಿಗಿಂತ ಉತ್ತಮವಾದ ನಿದರ್ಶನ ನನಗೆ ತಿಳಿದಂತೆ ಬೇರೆಯಿಲ್ಲ.

ಅಲ್ಲಿ ಅಂತಹ ಪರ್ವತವೇಕೆ ಎದ್ದಿತೆಂಬುದನ್ನು ಮೊದಲು ತಿಳಿಯಬೇಕು. ಮಧ್ಯ ಫ್ಲಾರಿಡಾದ ಪೀಸ್ ನದಿಯ ಮರಳಿನಲ್ಲಿ ರಂಜಕದ ಬೆಣಚುಗಳಿರುವುದು 1881ರಲ್ಲಿ ಬೆಳಕಿಗೆ ಬಂದಿತು. ಪುರಾತನ ಸಮುದ್ರದ ತಿಮಿಂಗಿಲ, ಶಾರ್ಕ್ ಮೊದಲಾದ ಜೀವಿಗಳ ಅಸ್ಥಿ ದಂತಗಳು ಅಲ್ಲಿ ಹೇರಳವಾಗಿ ದೊರೆಯುವುದರಿಂದ ಆ ಪ್ರದೇಶಕ್ಕೆ ‘ಬೋನ್ ವ್ಯಾಲಿ’ ಎಂಬ ಹೆಸರಾಯಿತು. ಈ ರಂಜಕ ಶಿಲೆಯು ಇದ್ದ ಹಾಗೆಯೇ ಪೈರಿಗೆ ದಕ್ಕುವಂಥದಲ್ಲ. ಅದು ನೀರಿನಲ್ಲಿ ಕರಗದು. ಅದನ್ನು ಪುಡಿಮಾಡಿ ಗಂಧಕಾಮ್ಲದೊಡನೆ ಬೆರೆಸಿದಾಗ ಒಂದು ಕಡೆ ರಂಜಕಾಮ್ಲವೂ ಮತ್ತೊಂದು ಕಡೆ ಕ್ಯಾಲ್ಸಿಯಂ ಸಲ್ಫೇಟ್, ಎಂದರೆ ಜಿಪ್ಸಮ್ಮೂ ಉಂಟಾಗುವುವು. ಒಂದು ಟನ್ ಆಮ್ಲಕ್ಕೆ ಸುಮಾರು ಐದು ಟನ್ ಜಿಪ್ಸಂ ಉಳಿಯುತ್ತದೆ. ಬೇಕಾದುದು ಒಂದು ಪಾಲು, ಬೇಡದ್ದು ಐದು ಪಾಲು. ಈ ಪ್ರಮಾಣವೊಂದನ್ನು ನೆನಪಿಟ್ಟುಕೊಂಡರೆ ಫ್ಲಾರಿಡಾದಲ್ಲಿ ನೂರು ಕೋಟಿ ಟನ್ನಿಗೂ ಅಧಿಕವಾದ ಜಿಪ್ಸಂ ಶೇಖರವಾಗಿರುವುದು ಆಶ್ಚರ್ಯವೆನಿಸದು.

ಸಾಧಾರಣ ಜಿಪ್ಸಂ ಗೋಡೆಗೂ ಸಿಮೆಂಟಿಗೂ ಬರುವ ನಿರಪಾಯವಾದ ವಸ್ತು. ಈ ಜಿಪ್ಸಂ ಹಾಗಲ್ಲ. ರಂಜಕ ಶಿಲೆಯಲ್ಲಿ ಸಹಜವಾಗಿಯೇ ಸ್ವಲ್ಪ ಯುರೇನಿಯಂ ಇರುತ್ತದೆ. ಶಿಲೆಯು ಆಮ್ಲದಲ್ಲಿ ಪಾಕವಾಗುವಾಗ ಯುರೇನಿಯಮ್ಮಿನ ಬಹುಭಾಗವು ಆಮ್ಲದೊಡನೆ ಹೋಗುವುದಾದರೂ, ಯುರೇನಿಯಮ್ಮಿನಿಂದ ಹುಟ್ಟಿದ ರೇಡಿಯಮ್ಮು ಜಿಪ್ಸಮ್ಮಿನಲ್ಲಿಯೇ ಉಳಿಯುವುದು. ರೇಡಿಯಂ–226ರ ಅರ್ಧಾಯು 1,600 ವರ್ಷ. ಅದು ಕ್ಷಯಿಸುತ್ತ ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಹೊರಸೂಸುತ್ತದೆ. ಆದಕಾರಣ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1989ರಲ್ಲಿ ನಿಯಮವೊಂದನ್ನು ವಿಧಿಸಿ, 1992ರಲ್ಲಿ ಅದನ್ನು ತಿದ್ದಿ, ಕೆಲವು ಸೀಮಿತ ಪ್ರಯೋಜನಗಳ ಹೊರತು ಈ ವಸ್ತುವನ್ನು ದಿಬ್ಬಗಳಲ್ಲಿಯೇ ಇರಿಸತಕ್ಕದ್ದೆಂದು ಕಟ್ಟುಮಾಡಿತು. ಎಲ್ಲಿಯೂ ಚೆಲ್ಲಬಾರದ ವಸ್ತುವಾದುದರಿಂದ ಒಂದೆಡೆ ಪೇರಿಸಬೇಕಾಯಿತು. ಪೇರಿಸಿದ್ದು ನೂರಾರು ಎಕರೆ ವಿಸ್ತಾರವೂ ಇನ್ನೂರು ಅಡಿ ಎತ್ತರವೂ ಉಳ್ಳ ಪರ್ವತವಾಯಿತು. ಮಟ್ಟಸವಾದ ಆ ಸೀಮೆಯಲ್ಲಿ ಇವೇ ಎತ್ತರವಾದ ನೆಲ.

ಇವುಗಳನ್ನು ಪೇರಿಸುವ ಕ್ರಮವೂ ಗಮನಾರ್ಹವಾದುದು. ಜಿಪ್ಸಮ್ಮನ್ನು ನೀರಿನೊಡನೆ ಕಲಸಿ ಬಗ್ಗಡವಾಗಿಸಿ ಕೊಳವೆಗಳ ಮೂಲಕ ದಿಬ್ಬದ ಮೇಲಕ್ಕೆ ಹರಿಸುವರು. ಅಲ್ಲಿ ಜಿಪ್ಸಂ ತಳಕ್ಕೆ ಕುಳಿತು ನೀರು ಮೇಲೆ ನಿಲ್ಲುತ್ತದೆ. ಆ ನೀರನ್ನು ಮತ್ತೆ ಕಾರ್ಖಾನೆಗೆ ಇಳಿಸಿಕೊಂಡು, ತಣಿಸುವುದಕ್ಕೂ ತೊಳೆಯುವುದಕ್ಕೂ ಬಳಸಿ, ಪುನಃ ಮೇಲಕ್ಕೆ ಕಳುಹಿಸುವರು. ಹೀಗೆ ವರ್ಷಗಟ್ಟಲೆ ಸುತ್ತುವ ಆ ಜಲದಲ್ಲಿ ಗಂಧಕಾಮ್ಲ ರಂಜಕಾಮ್ಲಗಳ ಶೇಷ, ಫ್ಲೋರೈಡು, ಸೋಡಿಯಂ, ಸಲ್ಫೇಟುಗಳೆಲ್ಲ ಸಾಂದ್ರಗೊಳ್ಳುತ್ತವೆ. ಹುಳಿಯಲ್ಲಿ ಅದು ನಿಂಬೆಯ ರಸವನ್ನು ಸರಿಗಟ್ಟುವಷ್ಟು ತೀಕ್ಷ್ಣವಾಗಬಲ್ಲದು. ಅಂದಮೇಲೆ ಆ ಪರ್ವತವು ಕೇವಲ ಘನವಾದ ರಾಶಿಯಲ್ಲ. ನೆತ್ತಿಯಲ್ಲಿ ಸರೋವರವನ್ನೂ ಒಡಲಲ್ಲಿ ನೀರಿನ ಪಸೆಯನ್ನೂ ಹೊತ್ತಿರುವ ರಾಶಿ. ಜಿಪ್ಸಂ ತಾನೇ ನೀರಿನಲ್ಲಿ ಅಲ್ಪಸ್ವಲ್ಪ ಕರಗುವ ವಸ್ತು, ಲೀಟರಿಗೆ ಎರಡು ಗ್ರಾಮಿಗೆ ಕೊಂಚ ಮೇಲೆ. ಆದ್ದರಿಂದ ದಿಬ್ಬದ ಒಳಗೂ ಬಿರುಕುಗಳು, ಸಣ್ಣ ಕುಹರಗಳು ಬೆಳೆಯಬಲ್ಲವು.

ಇನ್ನು ಇಷ್ಟು ಭಾರವನ್ನು ಹೊತ್ತ ನೆಲದ ಸ್ವಭಾವವನ್ನು ನೋಡೋಣ. ಫ್ಲಾರಿಡಾ ಎಂಬ ಪರ್ಯಾಯದ್ವೀಪವು ಸುಣ್ಣಕಲ್ಲಿನ ಮೇಲೆ ನಿಂತಿದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಗುಣ ಪಡೆದು ಕೆಳಗಿಳಿಯುತ್ತ, ಸಾವಿರ ಸಾವಿರ ವರ್ಷಗಳಿಂದ ಆ ಕಲ್ಲನ್ನು ಕರಗಿಸಿ, ಅದರಲ್ಲಿ ಬಿಲಗಳನ್ನೂ ಸುರಂಗಗಳನ್ನೂ ಕೊರೆದಿದೆ. ಫ್ಲಾರಿಡನ್ ಜಲಾಶಯವೆಂದರೆ ಈ ಸುರಂಗಗಳಲ್ಲಿಯೂ ರಂಧ್ರಗಳಲ್ಲಿಯೂ ತುಂಬಿರುವ ನೀರೇ. ಸುಣ್ಣಕಲ್ಲಿನ ಮೇಲೆ ಹಾಥಾರ್ನ್ ಎಂದು ಹೆಸರಾದ ಜೇಡಿಯ ಪದರಗಳು, ಅವುಗಳ ಮೇಲೆ ಮರಳು. ಜೇಡಿ ಗಟ್ಟಿಯಾಗಿರುವಷ್ಟು ದಿನವೂ ಕೆಳಗಿನ ಕುಹರಕ್ಕೆ ಅದು ಮುಚ್ಚಳ. ಕುಹರವು ಮೇಲ್ಮುಖವಾಗಿ ಬೆಳೆದು ಜೇಡಿ ತೆಳುವಾಗುತ್ತ ಬಂದಾಗ, ಮೇಲಿನ ಮರಳು, ಕಣಜದ ತಳದ ಕಿಂಡಿ ತೆರೆದಾಗ ಕಾಳು ಇಳಿಯುವಂತೆ, ಸದ್ದಿಲ್ಲದೆ ಒಳಕ್ಕೆ ಜಾರತೊಡಗುವುದು. ಮೇಲ್ಮೈಯಲ್ಲಿ ನಿಂತವನಿಗೆ ಇದೊಂದೂ ಕಾಣದು. ಕಡೆಯ ಕಮಾನು ಮುರಿದ ಗಳಿಗೆಯಲ್ಲಿ ಮಾತ್ರ ನೆಲ ಕುಸಿಯುತ್ತದೆ. 1981ರ ಮೇ ತಿಂಗಳಲ್ಲಿ ವಿಂಟರ್ ಪಾರ್ಕ್ ನಗರದಲ್ಲಿ ಹೀಗೆಯೇ ಸುಮಾರು 350 ಅಡಿ ಅಗಲದ ಕುಳಿಯೊಂದು ಒಂದು ಮನೆಯನ್ನೂ, ಈಜುಕೊಳದ ಒಂದು ಭಾಗವನ್ನೂ, ದುರಸ್ತಿಗೆಂದು ನಿಲ್ಲಿಸಿದ್ದ ಕಾರುಗಳನ್ನೂ ನುಂಗಿಬಿಟ್ಟಿತು.

ಕುಹರವಿದ್ದ ಮಾತ್ರಕ್ಕೆ ನೆಲ ಕುಸಿಯುವುದಿಲ್ಲ, ಸಮತೋಲ ತಪ್ಪಬೇಕು. ಕುಹರದೊಳಗಿನ ನೀರು ತನ್ನ ಒತ್ತಡದಿಂದ ಮೇಲಿನ ಮುಚ್ಚಳಕ್ಕೆ ಆಧಾರವಾಗಿರುತ್ತದೆ. ಆ ನೀರನ್ನು ಪಂಪಿನಿಂದ ಎತ್ತಿದರೆ ಆಧಾರ ತಪ್ಪಿತು. 2010ರ ಜನವರಿಯಲ್ಲಿ, ಮಲ್ಬೆರಿಗೆ ಹೆಚ್ಚು ದೂರವಲ್ಲದ ಪ್ಲಾಂಟ್ ಸಿಟಿಯ ಸುತ್ತಮುತ್ತ, 11 ದಿನಗಳ ಹೆಪ್ಪುಗಟ್ಟಿಸುವ ಚಳಿಯಿಂದ ಸ್ಟ್ರಾಬೆರಿ ಬೆಳೆಯನ್ನು ಉಳಿಸಿಕೊಳ್ಳಲೋಸುಗ ರೈತರು ಹಗಲೂ ಇರುಳೂ ನೀರೆತ್ತಿ ಗಿಡಗಳ ಮೇಲೆ ಸಿಂಪಡಿಸಿದಾಗ, ಜಲಮಟ್ಟ 60 ಅಡಿಯಷ್ಟು ಇಳಿದು, ಸುಮಾರು 140 ಕುಳಿಗಳು ತೆರೆದುಕೊಂಡವು. ಕೆಳಗಿನ ನೀರನ್ನು ತೆಗೆದರೆ ಒಂದು ಅಪಾಯ. ಮೇಲಿನ ಭಾರವನ್ನು ಹೆಚ್ಚಿಸಿದರೆ ಇನ್ನೊಂದು. ಇನ್ನೂರು ಅಡಿ ಎತ್ತರದ ಜಿಪ್ಸಂ ತನ್ನ ಕೆಳಗಿನ ಪ್ರತಿಯೊಂದು ಚದರ ಅಡಿ ನೆಲದ ಮೇಲೆ ಏಳೆಂಟು ಟನ್ ಭಾರವನ್ನು ಹೇರುತ್ತದೆ. ಅದರೊಡನೆ ಮೇಲಿನಿಂದ ಸದಾ ಕೆಳಕ್ಕೆ ನೂಕುತ್ತಿರುವ ನೀರು, ಅದೂ ಆಮ್ಲಜಲ. ಕೆಳಗಿರುವುದಾದರೋ ಆಮ್ಲಕ್ಕೆ ಕರಗುವ ಕಲ್ಲು. ರಂಜಕವು ದೊರೆಯುವ ನೆಲವೂ ಟೊಳ್ಳಾದ ನೆಲವೂ ಒಂದೇ ಆಗಿದ್ದುದು ಆ ಸೀಮೆಯ ದುರ್ದೈವ. ಆದರೆ ಗಣಿಯ ಬದಿಯಲ್ಲಿಯೇ ಕಾರ್ಖಾನೆ, ಕಾರ್ಖಾನೆಯ ಬದಿಯಲ್ಲಿಯೇ ದಿಬ್ಬ ಎಂಬುದನ್ನು ನಿಶ್ಚಯಿಸಿದ್ದು ದೈವವಲ್ಲ, ಸಾಗಣೆಯ ಖರ್ಚು.

2016ರ ಘಟನೆಯೇ ಮೊದಲನೆಯದಾಗಿದ್ದಲ್ಲಿ ಅಜ್ಞಾನವನ್ನು ಕ್ಷಮಿಸಬಹುದಾಗಿತ್ತು. ಇದೇ ನ್ಯೂ ವೇಲ್ಸ್ ಆವರಣದಲ್ಲಿ 1994ರ ಜೂನ್ 27ರಂದು, ಆಗ ಬೇರೊಂದು ಕಂಪನಿಯ ಸ್ವಾಮ್ಯದಲ್ಲಿದ್ದಾಗ, ಹಳೆಯ ದಿಬ್ಬದ ಮೇಲೆ ನೂರು ಅಡಿಗೂ ಮಿಗಿಲಾದ ಅಗಲದ ಕುಳಿ ತೆರೆದಿದ್ದಿತು. ಲಕ್ಷಾಂತರ ಘನ ಅಡಿ ಜಿಪ್ಸಂ ಅದರೊಳಕ್ಕೆ ಇಳಿದುಹೋಗಿತ್ತು. ಕಾಂಕ್ರೀಟನ್ನು ತುಂಬಿ ಅದರ ಗಂಟಲನ್ನು ಮುಚ್ಚಿದರು. ಆಗಲೇ ಬಂದಿದ್ದ ನೂತನ ನಿಯಮಗಳಂತೆ ಹೊಸ ದಿಬ್ಬಗಳ ತಳಕ್ಕೆ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಹಾಸುವುದು ಕಡ್ಡಾಯವಾಯಿತು. 2016ರಲ್ಲಿ ಕುಸಿದುದು ಹಾಗೆ ಹೊದಿಕೆ ಹಾಸಿದ ದಿಬ್ಬವೇ. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಹೊದಿಕೆಯು ನೀರು ಜಿನುಗುವುದನ್ನು ತಡೆಯಬಲ್ಲುದೇ ವಿನಾ, ಅದರ ಕೆಳಗಿನ ನೆಲವೇ ಇಲ್ಲವಾದಾಗ ಪರ್ವತವನ್ನು ಹೊರಲಾರದು. ಜಿನುಗುವುದನ್ನು ಕುರಿತು ಚಿಂತಿಸಿದವರು ಕುಸಿಯುವುದನ್ನು ಕುರಿತು ಅಷ್ಟೇ ಆಳವಾಗಿ ಚಿಂತಿಸಲಿಲ್ಲವೆಂದು ನನಗೆ ತೋರುತ್ತದೆ.

ಈಗ ಶೋಧನೆಯ ವಿಚಾರಕ್ಕೆ ಬರುವೆನು; ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲಕರವಾದ ಭಾಗವೂ, ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುವ ಭಾಗವೂ ಇದೇ. ಕಣ್ಣಿಗೆ ಕಾಣದ ಕುಹರವನ್ನು ಹುಡುಕಬೇಕು. ಹುಡುಕುವವನಿಗೆ ಅದರ ಹತ್ತಿರ ಹೋಗುವ ಸ್ವಾತಂತ್ರ್ಯವಿಲ್ಲ, ಏಕೆಂದರೆ ಕುಳಿಯ ಅಂಚು ಯಾವ ಕ್ಷಣದಲ್ಲಿಯಾದರೂ ಒಡೆಯಬಹುದು. ಹುಡುಕುವ ಕ್ರಿಯೆಯಿಂದಲೇ ಹೊಸ ದಾರಿಯೊಂದು ತೆರೆದು ಕೊಳಕು ನೀರು ಕೆಳಗಿಳಿಯಲೂಬಹುದು.

ಮೊದಲನೆಯ ಉಪಕರಣವು ಅತ್ಯಂತ ಸರಳವಾದ ಲೆಕ್ಕದ ಪುಸ್ತಕ. ಕೊಳಕ್ಕೆ ಬಂದ ಬಗ್ಗಡದ ನೀರೆಷ್ಟು, ಮಳೆಯೆಷ್ಟು, ಆವಿಯಾದದ್ದೆಷ್ಟು, ಕಾರ್ಖಾನೆಗೆ ಹಿಂದಿರುಗಿದ್ದೆಷ್ಟು ಎಂಬುದನ್ನು ಪ್ರತಿದಿನ ಬರೆದಿಡುವವರಿಗೆ, ಜಮೆಖರ್ಚು ಸರಿಹೊಂದದ ದಿನವೇ ಸಂಶಯ ಹುಟ್ಟುತ್ತದೆ. ನ್ಯೂ ವೇಲ್ಸಿನಲ್ಲಿಯೂ ಮೊದಲು ಕಂಡುದು ಕುಳಿಯಲ್ಲ, ಇಳಿಯುತ್ತಿದ್ದ ನೀರಿನ ಮಟ್ಟವೆಂಬುದನ್ನು ಗಮನಿಸಬೇಕು. ಇದರ ಜೊತೆಗೆ, ದಿಬ್ಬ ಏಳುವುದಕ್ಕೆ ಮುಂಚಿನ ವಿಮಾನ ಛಾಯಾಚಿತ್ರಗಳನ್ನು ತರಿಸಿ ನೋಡುವುದು ಅನುಭವಿಗಳ ಪದ್ಧತಿ. ಆ ಜಾಗದಲ್ಲಿ ಹಿಂದೆ ದುಂಡನೆಯ ತಗ್ಗುಗಳಿದ್ದುವೇ, ಸಾಲಾಗಿ ಪುಟ್ಟ ಕೆರೆಗಳಿದ್ದುವೇ, ಗಣಿಯ ಅಗೆತವಿತ್ತೇ ಎಂಬುದನ್ನು ಅವು ತಿಳಿಸುವುವು. ದುಂಡನೆಯ ತಗ್ಗೆಂದರೆ ಬಹುಮಟ್ಟಿಗೆ ಹಿಂದೊಮ್ಮೆ ಕುಸಿದ ನೆಲವೇ.

ಅನಂತರ ಭೂಭೌತ ವಿಜ್ಞಾನದ ಸಾಧನಗಳು ಬರುತ್ತವೆ. ನೆಲದೊಳಕ್ಕೆ ವಿದ್ಯುತ್ತನ್ನು ಹರಿಸಿ, ಅದು ಎಲ್ಲಿ ಸುಲಭವಾಗಿ ಹರಿಯಿತು, ಎಲ್ಲಿ ತಡೆಯಿತು ಎಂಬುದನ್ನು ಅಳೆದರೆ ಜೇಡಿಯೂ ಸುಣ್ಣಕಲ್ಲೂ ಬೇರೆಬೇರೆಯಾಗಿ ತೋರುವುವು. ಏಕೆಂದರೆ ಜೇಡಿಗೆ ವಿದ್ಯುತ್ತು ಸುಲಭ, ಕಲ್ಲಿಗೆ ಕಷ್ಟ. ಸ್ವಚ್ಛವಾದ ನೆಲದಲ್ಲಿ ಇದು ಉತ್ಕೃಷ್ಟವಾದ ವಿಧಾನ. ಲವಣಾಮ್ಲಭರಿತವಾದ ತ್ಯಾಜ್ಯಜಲವು ಎಲ್ಲೆಲ್ಲಿಯೂ ಒಸರಿರುವ ದಿಬ್ಬದ ಅಡಿಯಲ್ಲಾದರೋ ಆ ಜಲವೇ ವಿದ್ಯುತ್ತನ್ನು ಸರಾಗವಾಗಿ ಒಯ್ಯುವುದರಿಂದ ಕೆಳಗಿನ ಭೇದಗಳೆಲ್ಲ ಮಸುಕಾಗಿಬಿಡುತ್ತವೆ. ರೇಡಾರ್ ಅಲೆಗಳನ್ನು ನೆಲಕ್ಕೆ ಕಳುಹಿಸುವ ಯಂತ್ರಕ್ಕೂ ಇದೇ ಗತಿ. ಒಣ ಮರಳಿನಲ್ಲಿ ಹತ್ತಾರು ಅಡಿ ಇಳಿಯುವ ಅಲೆಯು ಒದ್ದೆಯಾದ ಜೇಡಿಯಲ್ಲಿ ಕೆಲವೇ ಅಡಿಗಳಲ್ಲಿ ನಿಸ್ತೇಜವಾಗುತ್ತದೆ. ಗುರುತ್ವಾಕರ್ಷಣೆಯ ಸೂಕ್ಷ್ಮ ವ್ಯತ್ಯಾಸವನ್ನು ಅಳೆದು ಟೊಳ್ಳನ್ನು ಪತ್ತೆಹಚ್ಚುವುದುಂಟು. ಆದರೆ ಪಕ್ಕದಲ್ಲಿಯೇ ಪರ್ವತದಂತಹ ದ್ರವ್ಯರಾಶಿಯಿರುವಾಗ ಅದರ ಪ್ರಭಾವವನ್ನು ಕಳೆದು ಉಳಿದುದನ್ನು ಓದುವುದು ಬಹು ಪ್ರಯಾಸದ ಗಣಿತ. ನೆಲವನ್ನು ಬಡಿದು ಹುಟ್ಟಿಸಿದ ಕಂಪನಗಳ ವೇಗವನ್ನು ಅಳೆಯುವ ವಿಧಾನವು ಇವೆಲ್ಲಕ್ಕಿಂತ ಸ್ವಲ್ಪ ಮೇಲೆನ್ನಬಹುದು. ಹೀಗೆ ಯಾವೊಂದು ಸಾಧನವೂ ತಾನೇ ತೀರ್ಪು ಕೊಡಲಾರದು. ಎರಡು ಮೂರು ಸಾಧನಗಳು ಒಂದೇ ಸ್ಥಳದಲ್ಲಿ ಸಂಶಯ ಸೂಚಿಸಿದರೆ ಅಲ್ಲಿ ಕೊರೆಯಬೇಕು. ದಿಬ್ಬ ಏಳುವ ಮುನ್ನ, ಬಯಲಾಗಿದ್ದ ನೆಲದ ಮೇಲೆ ಇವೇ ಸಾಧನಗಳು ಎಷ್ಟೋ ಸ್ಪಷ್ಟವಾಗಿ ಮಾತನಾಡುತ್ತಿದ್ದುವೆಂಬುದನ್ನು ಇಲ್ಲಿ ಮರೆಯಬಾರದು.

ಕೊರೆಯುವವರ ಅನುಭವವೇ ಒಂದು ಶಾಸ್ತ್ರ. ಬೋರ್‌ವೆಲ್ ಲಾರಿಯ ಬಳಿ ನಿಂತು ನೋಡಿದ ನಮ್ಮ ರೈತರಿಗೂ ಅದರ ಒಂದಂಶ ಗೊತ್ತು: ಗಟ್ಟಿ ಕಲ್ಲಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದ ಕೊಳವೆ ಥಟ್ಟನೆ ಹಗುರಾಗಿ ಕೆಳಕ್ಕೆ ಜಾರಿದರೆ ಕೆಳಗೆ ಪೊಳ್ಳಿದೆಯೆಂದು ಅರ್ಥ. ಫ್ಲಾರಿಡಾದ ಶೋಧಕರು ಕೊಳವೆಯು ತನ್ನ ಸ್ವಂತ ಭಾರದಿಂದಲೇ ಎಷ್ಟು ಅಡಿ ಇಳಿಯಿತೆಂಬುದನ್ನು ದಾಖಲೆ ಮಾಡುವರು. ಕೊರೆಯುವಾಗ ರಂಧ್ರದೊಳಕ್ಕೆ ಬಿಟ್ಟ ದ್ರವವು ಸುತ್ತಿ ಮೇಲಕ್ಕೆ ಹಿಂದಿರುಗಬೇಕು. ಅದು ಹಿಂದಿರುಗದೆ ಒಳಗೇ ಮಾಯವಾದರೆ, ಆ ಆಳದಲ್ಲಿ ಬಿರುಕೋ ಕುಹರವೋ ಅದನ್ನು ಕುಡಿಯುತ್ತಿದೆಯೆಂಬುದು ನಿಸ್ಸಂದೇಹ. ನಿಯತವಾದ ತೂಕದ ಸುತ್ತಿಗೆಯನ್ನು ನಿಯತವಾದ ಎತ್ತರದಿಂದ ಬೀಳಿಸಿ, ಒಂದು ಅಡಿ ಇಳಿಯಲು ಎಷ್ಟು ಏಟು ಬೇಕಾಯಿತೆಂದು ಎಣಿಸುವರು. ಆಳಕ್ಕೆ ಹೋದಂತೆ ಏಟುಗಳ ಸಂಖ್ಯೆ ಹೆಚ್ಚಬೇಕಾದಲ್ಲಿ ಕಡಿಮೆಯಾದರೆ, ಅಲ್ಲಿನ ಮಣ್ಣು ಕೆಳಗಿನ ಕುಹರಕ್ಕೆ ಆಗಲೇ ಜಾರತೊಡಗಿದೆ. ಈ ಎಲ್ಲ ರಂಧ್ರಗಳಿಗೂ ಉಕ್ಕಿನ ಕವಚ ತೊಡಿಸಿ, ಮೇಲಿನ ನೀರು ಕೆಳಗಿನ ಜಲಸ್ತರಕ್ಕೆ ಇಳಿಯದಂತೆ ಕಾಪಾಡಿ, ಕಾರ್ಯ ಮುಗಿದೊಡನೆ ಸಿಮೆಂಟಿನಿಂದ ಮುಚ್ಚಬೇಕು. ಮುಚ್ಚದೆ ಬಿಟ್ಟ ಶೋಧನ ರಂಧ್ರವು ಮುಂದಿನ ಕುಳಿಗೆ ಬೀಜ.

ದುರಸ್ತಿಯೆಂದರೆ ಕುಳಿಯೊಳಕ್ಕೆ ಮಣ್ಣು ಸುರಿಯುವುದೆಂದು ಭಾವಿಸುವವರುಂಟು. ಮಣ್ಣು ಸುರಿದರೆ ಅದೂ ಜಾರಿಹೋಗುತ್ತದೆ. ಬಾಯಿಯನ್ನಲ್ಲ, ಗಂಟಲನ್ನು ಮುಚ್ಚಬೇಕು. ಎಂದರೆ ಜೇಡಿಯ ಪದರ ಹರಿದಿರುವ ಇಕ್ಕಟ್ಟಾದ ಸ್ಥಳವನ್ನು ಹುಡುಕಿ, ಅಲ್ಲಿ ಬೆಣೆಯೊಂದನ್ನು ಕಟ್ಟಬೇಕು. ಕುಳಿಯ ಅಂಚಿಗೆ ಯಂತ್ರವನ್ನು ಒಯ್ಯುವಂತಿಲ್ಲವಾದ್ದರಿಂದ ದೂರದ ಗಟ್ಟಿನೆಲದಲ್ಲಿ ನಿಂತು ಓರೆಯಾಗಿ ರಂಧ್ರ ಕೊರೆದು, ನೂರಾರು ಅಡಿ ಆಳದಲ್ಲಿರುವ ಆ ಗಂಟಲನ್ನು ಮುಟ್ಟಬೇಕು. ಒಳಕ್ಕೆ ಇಳಿಬಿಟ್ಟ ಕ್ಯಾಮರಾ, ಶಬ್ದದ ಅಲೆ, ಲೇಸರ್ ಕಿರಣಗಳಿಂದ ಕುಹರದ ಆಕಾರವನ್ನು ಅಳೆದುಕೊಂಡ ಬಳಿಕ, ಗ್ರೌಟ್ ಎಂದು ಕರೆಯುವ ಸಿಮೆಂಟಿನ ಪಾಕವನ್ನು ಒತ್ತಡದಿಂದ ಕಳುಹಿಸುವರು. ಈ ಪಾಕದ ಹದವೇ ಮುಖ್ಯ. ತೆಳ್ಳಗಿದ್ದರೆ ಹರಿಯುವ ನೀರು ಅದನ್ನು ಕೊಚ್ಚಿಕೊಂಡು ಸುರಂಗಗಳಲ್ಲಿ ಎಲ್ಲಿಯೋ ಒಯ್ದುಬಿಡುತ್ತದೆ. ಮಿತಿಮೀರಿ ಗಟ್ಟಿಯಾಗಿದ್ದರೆ ಸಣ್ಣ ಬಿರುಕುಗಳಿಗೆ ನುಗ್ಗದು. ಆದುದರಿಂದ ಮೊದಲು ಗಟ್ಟಿಯಾದ ಪಾಕದಿಂದ ತಳವನ್ನು ನಿಲ್ಲಿಸಿ, ಅದು ಹೆಪ್ಪುಗಟ್ಟಿದ ಮೇಲೆ ಹಂತಹಂತವಾಗಿ ಮೇಲಕ್ಕೆ ಬರುತ್ತ, ತೆಳುವಾದ ಪಾಕದಿಂದ ಸಂದುಗಳನ್ನು ತುಂಬುವುದು ಒಪ್ಪಿತವಾದ ಕ್ರಮ. ಪ್ರತಿಯೊಂದು ರಂಧ್ರವೂ ಎಷ್ಟು ಪಾಕವನ್ನು ಕುಡಿಯಿತು, ಯಾವ ಒತ್ತಡದಲ್ಲಿ ನಿಂತಿತು ಎಂಬ ಟಿಪ್ಪಣಿಯೇ ಆ ಅದೃಶ್ಯ ಕಟ್ಟಡದ ಏಕಮಾತ್ರ ದಾಖಲೆ.

ಸಿಮೆಂಟಿಗೆ ಇಲ್ಲಿ ಒಂದು ಶತ್ರುವಿದೆ. ಸಲ್ಫೇಟು ತುಂಬಿದ ನೀರು ಸಾಧಾರಣ ಸಿಮೆಂಟಿನೊಡನೆ ಸೇರಿ, ಹಿಗ್ಗುವ ಸ್ಫಟಿಕಗಳನ್ನು ಹುಟ್ಟಿಸಿ, ಕಾಲಕ್ರಮದಲ್ಲಿ ಅದನ್ನು ಒಳಗಿನಿಂದಲೇ ಸೀಳಿಬಿಡುತ್ತದೆ. ಆಮ್ಲವಾದರೋ ಅದನ್ನು ಹೊರಗಿನಿಂದ ಕರಗಿಸುತ್ತದೆ. ಸಲ್ಫೇಟನ್ನು ತಾಳಬಲ್ಲ ವಿಶೇಷ ಸಿಮೆಂಟನ್ನೂ ಹಾರುಬೂದಿಯಂತಹ ಮಿಶ್ರಣಗಳನ್ನೂ ಬಳಸುವುದು ಈ ಕಾರಣದಿಂದಲೇ. ಕಟ್ಟಿದ ಬೆಣೆ ನೂರು ವರ್ಷ ಬಾಳಬೇಕಾದರೆ ಅದರ ಮೇಲೆ ಮತ್ತೆ ಆಮ್ಲಜಲ ನಿಲ್ಲದಂತೆ ನೋಡಿಕೊಳ್ಳುವುದೂ ದುರಸ್ತಿಯ ಅಂಗವೇ ಆಗುತ್ತದೆ. ನ್ಯೂ ವೇಲ್ಸಿನಲ್ಲಿ ಸಾವಿರಾರು ಘನ ಗಜ ಪಾಕವನ್ನು ತುಂಬುವ ಈ ಕಾರ್ಯವು 2018ರವರೆಗೂ ನಡೆಯಿತು.

ಕುಳಿ ಮುಚ್ಚಿದರೂ ಕೆಳಗಿಳಿದ ನೀರು ಕೆಳಗೇ ಇರುತ್ತದಷ್ಟೆ. ಅದನ್ನು ಹಿಂದಕ್ಕೆ ಪಡೆಯುವ ಉಪಾಯವೆಂದರೆ ಕಾರ್ಖಾನೆಯ ಆವರಣದಲ್ಲಿಯೇ ಆಳವಾದ ಬಾವಿಯಿಂದ ನಿರಂತರವಾಗಿ ಪಂಪ್ ಮಾಡುವುದು. ಹಾಗೆ ಎಳೆದಾಗ ಸುತ್ತಣ ಭೂಜಲವೆಲ್ಲ ಆ ಬಾವಿಯ ಕಡೆಗೆ ವಾಲುತ್ತದೆ, ಕಲುಷಿತ ಜಲವು ಹೊರಕ್ಕೆ ಹರಡುವ ಬದಲು ಒಳಕ್ಕೆ ಬರುತ್ತದೆ. ಕಂಪನಿಯು ಇದನ್ನೇ ಮಾಡಿ, ಮೇಲೆತ್ತಿದ ನೀರನ್ನು ಕಾರ್ಖಾನೆಯಲ್ಲಿ ಬಳಸಿಕೊಂಡಿತು. ಸುತ್ತಲೂ ಪರೀಕ್ಷಾ ಬಾವಿಗಳನ್ನು ತೋಡಿ ಸೋಡಿಯಂ, ಸಲ್ಫೇಟು, ಫ್ಲೋರೈಡುಗಳ ಪ್ರಮಾಣವನ್ನು ಅಳೆಯುತ್ತ ಹೋದರು. ಸುಣ್ಣಕಲ್ಲು ಆಮ್ಲವನ್ನು ಬಹುಬೇಗ ಶಮನಗೊಳಿಸುವುದರಿಂದ ನೀರಿನ ಹುಳಿ ಕಡಿಮೆಯಾಗಿರುವುದನ್ನೇ ನಂಬಿ ಕೊಳೆ ಬಂದಿಲ್ಲವೆನ್ನಲಾಗದು; ಕಲ್ಲಿನೊಡನೆ ಸೇರದೆ ನೀರಿನೊಡನೆಯೇ ಓಡುವ ಸೋಡಿಯಮ್ಮಿನಂತಹ ಲವಣವೇ ನಿಜವಾದ ಸಾಕ್ಷಿ. ಆದರೆ ಆ ಶಮನದಲ್ಲಿ ಕಲ್ಲೂ ಕರಗುತ್ತದೆಂಬುದು ನನ್ನ ಮನಸ್ಸನ್ನು ಬಿಡದೆ ಕಾಡುವ ಸಂಗತಿ.

ನೆರೆಹೊರೆಯವರ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ನೀರು ಇಳಿಯುತ್ತಿರುವ ಸಂಗತಿಯನ್ನು ಕಂಪನಿಯು ಸರ್ಕಾರದ ಇಲಾಖೆಗಳಿಗೆ ಕೂಡಲೇ ತಿಳಿಸಿತು. ತಮ್ಮ ಮನೆಯ ಬಾವಿಯಿಂದ ನೀರು ಸೇದಿ ಕುಡಿಯುತ್ತಿದ್ದ ಸುತ್ತಣ ಜನರಿಗೆ ಅದು ತಿಳಿದದ್ದು ಸುಮಾರು ಮೂರು ವಾರಗಳ ತರುವಾಯ, ಸೆಪ್ಟೆಂಬರ್ ಮಧ್ಯದಲ್ಲಿ, ಪತ್ರಿಕೆಗಳ ಮೂಲಕ. ಕೊಳೆಯು ಕಾರ್ಖಾನೆಯ ಗಡಿಯನ್ನು ದಾಟಿದ ಹೊರತು ನೆರೆಯವರಿಗೆ ತಿಳಿಸಬೇಕೆಂಬ ನಿರ್ಬಂಧ ಅಂದಿನ ಕಾನೂನಿನಲ್ಲಿರಲಿಲ್ಲ. ಜನರ ಆಕ್ರೋಶವನ್ನು ಕಂಡು ರಾಜ್ಯಪಾಲ ರಿಕ್ ಸ್ಕಾಟ್ ಅವರು 24 ಗಂಟೆಗಳೊಳಗೆ ಸಾರ್ವಜನಿಕರಿಗೆ ತಿಳಿಸಬೇಕೆಂಬ ತುರ್ತು ನಿಯಮವನ್ನು ರಾಜ್ಯದ ಪರಿಸರ ಇಲಾಖೆಯಿಂದ ಹೊರಡಿಸಿದರು. ಅದನ್ನು ಶಾಶ್ವತಗೊಳಿಸಹೊರಟಾಗ ಉದ್ಯಮಗಳ ಸಂಘಗಳು ಪ್ರಶ್ನಿಸಿದುವು. ನಿಯಮ ಮಾಡುವ ಅಧಿಕಾರ ಇಲಾಖೆಗಿಲ್ಲವೆಂದು ಅದು ರದ್ದಾಯಿತು. ಕಡೆಗೆ 2017ರಲ್ಲಿ ಶಾಸನಸಭೆಯೇ ಕಾಯಿದೆ ಮಾಡಬೇಕಾಯಿತು. ಪರೀಕ್ಷಿಸಿದ ಖಾಸಗಿ ಬಾವಿಗಳಲ್ಲಿ ಈ ಕುಳಿಯಿಂದ ಬಂದ ಕೊಳೆ ಕಾಣಲಿಲ್ಲವೆಂದು ಕಂಪನಿಯೂ ಇಲಾಖೆಯೂ ಹೇಳಿದುವು. ಅದು ಸಂತೋಷದ ಸಂಗತಿಯೇ. ಆದರೂ ಆ ಮೂರು ವಾರ ನೀರು ಕುಡಿದ ತಾಯಂದಿರು ಅನುಭವಿಸಿದ ಭೀತಿಗೆ ಯಾವ ಪ್ರಯೋಗಶಾಲೆಯ ವರದಿಯೂ ಪರಿಹಾರವಾಗದು. ಭೂಮಿಯ ಒಳಗನ್ನು ಶೋಧಿಸುವ ವಿದ್ಯೆಯಷ್ಟೇ ಶೋಧಿಸಿ ಕಂಡುದನ್ನು ಅಂದೇ ಹೇಳುವ ಶಿಸ್ತೂ ಅವಶ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

ಇದು ದೂರದ ದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ರೈತರು ಬಿತ್ತನೆಯ ಕಾಲದಲ್ಲಿ ಸಾಲುಗಟ್ಟಿ ಕೊಳ್ಳುವ ಡಿಎಪಿ ಚೀಲದ ಮೇಲೆ 18:46 ಎಂದು ಬರೆದಿರುವುದರಲ್ಲಿ ಎರಡನೆಯ ಅಂಕಿ ರಂಜಕದ್ದು. ಭಾರತಕ್ಕೆ ಬೇಕಾದ ರಂಜಕದ ಬಹುಪಾಲು ಶಿಲೆಯಾಗಿಯೋ ಆಮ್ಲವಾಗಿಯೋ ಸಿದ್ಧ ಗೊಬ್ಬರವಾಗಿಯೋ ಹೊರಗಿನಿಂದ ಬರುತ್ತದೆ. ಫ್ಲಾರಿಡಾದ ಟ್ಯಾಂಪಾ ಬಂದರಿನಿಂದ ಡಿಎಪಿ ಹೊತ್ತ ಹಡಗುಗಳು ಬಹುಕಾಲ ಇಲ್ಲಿಗೆ ಬರುತ್ತಿದ್ದುವು. ಮಂಗಳೂರಿನ ಪಣಂಬೂರಿನಲ್ಲಿರುವ ಕಾರ್ಖಾನೆಯು ರಂಜಕಾಮ್ಲವನ್ನು ವಿದೇಶಗಳಿಂದ ತರಿಸಿಕೊಂಡು ಡಿಎಪಿ ಮಾಡುವುದರಿಂದ ಅಲ್ಲಿ ಜಿಪ್ಸಂ ಪರ್ವತವಿಲ್ಲ. ಆಮ್ಲ ತಯಾರಾದ ದೇಶದಲ್ಲಿ ಅದು ಉಳಿದಿದೆ. ಶಿಲೆಯನ್ನೇ ತರಿಸಿ ಆಮ್ಲ ಮಾಡುವ ಒಡಿಶಾದ ಪಾರಾದೀಪಿನಂತಹ ಸ್ಥಳಗಳಲ್ಲಿ ದಿಬ್ಬಗಳು ನಮ್ಮ ದೇಶದಲ್ಲಿಯೂ ಎದ್ದಿವೆ. ರಾಗಿಯ ತೆನೆ ತುಂಬಿದಾಗ, ಅದಕ್ಕೆ ಉಣಿಸಿದ ಗೊಬ್ಬರದಲ್ಲಿನ ರಂಜಕಾಮ್ಲದ ಐದು ಪಾಲು ಬೂದಿಬಿಳುಪಿನ ಶೇಷವು ಯಾವುದೋ ಊರಿನ ಬಾವಿಗಳ ನೆತ್ತಿಯ ಮೇಲೆ ನಿಂತಿರುತ್ತದೆ.

ಹಾಗಾದರೆ ಮುಂದೇನು ಎಂಬುದಕ್ಕೆ ಫ್ಲಾರಿಡಾದಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತಿವೆ. ಜಿಪ್ಸಮ್ಮನ್ನು ರಸ್ತೆಗಳ ಅಡಿಪಾಯಕ್ಕೆ ಬಳಸಿ ದಿಬ್ಬಗಳನ್ನು ಕರಗಿಸೋಣವೆಂಬುದು ಒಂದು. ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಇದಕ್ಕೆ ಒಪ್ಪಿಗೆಯಿತ್ತು, 2021ರಲ್ಲಿ ಹಿಂತೆಗೆದುಕೊಂಡು, 2024ರ ಕಡೆಯಲ್ಲಿ ನ್ಯೂ ವೇಲ್ಸಿನ ಆವರಣದಲ್ಲಿಯೇ ಸಣ್ಣ ಪ್ರಾಯೋಗಿಕ ರಸ್ತೆಯೊಂದಕ್ಕೆ ಅನುಮತಿ ಕೊಟ್ಟಿದೆ. ವಿಕಿರಣವನ್ನು ಒಂದೆಡೆ ಕಾಯುವುದು ಕಷ್ಟವೆಂದು ಸಾವಿರ ಕಡೆ ಹರಡುವುದು ನನಗೆ ಸಮ್ಮತವಾಗಿ ತೋರುವುದಿಲ್ಲ. ಎರಡನೆಯ ಉತ್ತರ ದಿಬ್ಬಗಳ ಮೇಲಿನ ನೀರನ್ನು ತೆಗೆದು, ಮೇಲ್ಮೈಯನ್ನು ಹೊದಿಸಿ, ಹುಲ್ಲು ಬೆಳೆಸಿ, ಶಾಶ್ವತವಾಗಿ ಮುಚ್ಚುವುದು. ನೆತ್ತಿಯಲ್ಲಿ ಕೊಳವಿಲ್ಲದ ದಿಬ್ಬದಿಂದ 81 ಕೋಟಿ ಲೀಟರ್ ಸೋರುವ ಭಯವಿಲ್ಲ. ಇದೇ ಸರಿಯಾದ ದಾರಿ, ಆದರೆ ದುಬಾರಿಯಾದ ದಾರಿ. ಹಣವನ್ನು ಮುಂಚಿತವಾಗಿಯೇ ತೆಗೆದಿರಿಸದಿದ್ದರೆ ನಡೆಯುವುದಲ್ಲ. 2015ರಲ್ಲಿ ಮೊಸಾಯಿಕ್ ಕಂಪನಿಯು ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಫ್ಲಾರಿಡಾ ಮತ್ತು ಲೂಸಿಯಾನಾದ ದಿಬ್ಬಗಳ ಮುಚ್ಚುವಿಕೆ ಹಾಗೂ ಪಾಲನೆಗಾಗಿ ಸುಮಾರು 180 ಕೋಟಿ ಡಾಲರುಗಳ ಭದ್ರತೆಯನ್ನು ಒದಗಿಸಬೇಕಾಯಿತು.

ಹಣ ತೆಗೆದಿರಿಸದಿದ್ದರೆ ಏನಾಗುವುದೆಂಬುದನ್ನು ಟ್ಯಾಂಪಾ ಕೊಲ್ಲಿಯ ಅಂಚಿನಲ್ಲಿ, ಮ್ಯಾನಟಿ ಕೌಂಟಿಯಲ್ಲಿರುವ ಪೈನಿ ಪಾಯಿಂಟ್ ತೋರಿಸಿಕೊಟ್ಟಿತು. ಅಲ್ಲಿನ ಕಾರ್ಖಾನೆಯ ಒಡೆತನದ ಕಂಪನಿ 2001ರಲ್ಲಿ ದಿವಾಳಿಯಾಗಿ, ನೀರು ತುಂಬಿದ ದಿಬ್ಬಗಳನ್ನು ಸರ್ಕಾರದ ಮಡಿಲಿಗೆ ಹಾಕಿ ಹೊರಟುಹೋಯಿತು. ಎರಡು ದಶಕಗಳ ಕಾಲ ಕೈಯಿಂದ ಕೈಗೆ ಸಾಗಿದ ಮೇಲೆ, 2021ರ ಮಾರ್ಚಿನಲ್ಲಿ ಕೊಳದ ಹೊದಿಕೆ ಸೋರಿ, ದಿಬ್ಬವೇ ಒಡೆಯುವ ಭೀತಿಯುಂಟಾಗಿ, ಮುನ್ನೂರಕ್ಕೂ ಹೆಚ್ಚು ಮನೆಗಳ ಜನರನ್ನು ತೆರವು ಮಾಡಿಸಿ, ಸುಮಾರು 21.5 ಕೋಟಿ ಗ್ಯಾಲನ್ ನೀರನ್ನು ಬೇಕೆಂದೇ ಕೊಲ್ಲಿಗೆ ಬಿಡಬೇಕಾಯಿತು. ಉಳಿದ ನೀರಿಗೆ 2023ರ ಏಪ್ರಿಲಿನಿಂದ ಕಂಡುಕೊಂಡ ಪರಿಹಾರವೆಂದರೆ, ಸಂಸ್ಕರಿಸಿದ ನೀರನ್ನು ಮೂರು ಸಾವಿರ ಅಡಿಗೂ ಆಳವಾದ ಬಾವಿಯೊಂದರ ಮೂಲಕ, ಕುಡಿಯುವ ಜಲಸ್ತರಗಳಿಗಿಂತ ಬಹಳ ಕೆಳಗಿನ ಶಿಲೆಗಳೊಳಕ್ಕೆ ಒತ್ತಡದಿಂದ ಇಳಿಸುವುದು. ಆ ಶಿಲೆಗಳಿಗೂ ಮೇಲಿನ ಜಲಾಶಯಕ್ಕೂ ನಡುವೆ ಅಭೇದ್ಯವಾದ ಪದರವುಂಟೆಂದು ಕೊರೆದವರು ಹೇಳುವರು. ಆ ಪದರದ ಮೇಲಣ ಪರೀಕ್ಷಾ ಬಾವಿಗಳ ಅಳತೆಗಳನ್ನು, ಅವು ದೊರೆತ ದಿನವೇ, ಮ್ಯಾನಟಿ ಕೌಂಟಿಯ ಪ್ರತಿಯೊಬ್ಬ ನಿವಾಸಿಯೂ ನೋಡುವಂತೆ ಇರಿಸತಕ್ಕದ್ದು.